ನೀರಿನ ದಾರಿ ಹಿಡಿದು ಹೋದರೆ ಮೆಷಿನ್ನಿನ ರೋಗ ಸಿಗುತ್ತದೆ

ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ವರ್ಷ ಒಂದೇ ಮಾದರಿಯ ಎರಡು ಎಸ್ಪ್ರೆಸೊ ಕಾಫಿ ಮೆಷಿನ್ ತಂದ. ಒಂದು ಮಂಡ್ಯದಲ್ಲಿರುವ ಅವನ ಅಪ್ಪನಿಗೆ, ಅಂದರೆ ನನ್ನ ಭಾವನಿಗೆ. ಇನ್ನೊಂದು ಮೈಸೂರಿನ ಸರಸ್ವತಿಪುರಂನಲ್ಲಿರುವ ನನಗೆ. ಜೊತೆಗೆ ಇಬ್ಬರಿಗೂ ಒಂದೊಂದು ಗ್ರೈಂಡರ್. ಫೋನಿನಲ್ಲಿ ಗ್ರೈಂಡರ್ ಬರುತ್ತದೆ ಎಂದು ಕೇಳಿದ ಅಕ್ಕ ಉದ್ದು ನೆನೆಹಾಕಿಟ್ಟಿದ್ದಳು. ಬಂದದ್ದು ಕಾಫಿ ಬೀಜ ಪುಡಿ ಮಾಡುವುದು.

ಎಂಟು ತಿಂಗಳು ಎರಡೂ ಚೆನ್ನಾಗಿಯೇ ನಡೆದವು. ಒಂದು ಬೆಳಿಗ್ಗೆ ಭಾವನ ಫೋನು.

“ಏನಪ್ಪ, ನಿನ್ನ ಅಳಿಯ ತಂದ ಮಿಷನ್ನು ಬರೀ ಗುಟುರು ಹಾಕ್ತದೆ, ಕಾಫಿ ಮಾತ್ರ ತೊಟ್ಟಿಕ್ಕಾಕಿಲ್ಲ. ಎರಡೂ ಒಂದೇ ಮಿಷನ್ ಅಲ್ವಾ? ನಿಂದು ಹೆಂಗೆ ನಡೀತಾ ಅದೆ?”

ಮೆಷಿನ್ ಒಂದೇ, ಒಳಗೆ ಹರಿಯುವ ನೀರು ಒಂದೇ ಅಲ್ಲ. ನನ್ನ ಅಡುಗೆಮನೆಯ ನಲ್ಲಿಯಲ್ಲಿ ಬರುವುದು ಕಾವೇರಿ. ಭಾವನದು ಊರಾಚೆಯ ಹೊಸ ಬಡಾವಣೆ, ಅಲ್ಲಿ ಬೋರ್‌ವೆಲ್ ನೀರು. ಆ ಒಂದು ವ್ಯತ್ಯಾಸದಿಂದ ನಾನು ಕಲಿತದ್ದು, ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಇದ್ದದ್ದಕ್ಕಿಂತ ಹೆಚ್ಚು.

ಒಳಗೆ ಇರುವುದು ಇಷ್ಟೇ

ಸ್ಟೀಲ್ ಮೈ, ಮಿನುಗುವ ಗುಂಡಿಗಳನ್ನು ನೋಡಿ ಹೆದರುವುದು ಬೇಡ. ಹಿಂದೆ ಒಂದು ನೀರಿನ ಡಬ್ಬ. ಅದರಿಂದ ನೀರು ಹೀರುವ, ಅಂಗೈಯೊಳಗೆ ಹಿಡಿಯುವಷ್ಟು ಪುಟ್ಟ ಪಂಪು. ಪಂಪು ತಳ್ಳಿದ ನೀರು ಬಾಯ್ಲರ್‌ಗೆ ಹೋಗಿ 90ರಿಂದ 96 ಡಿಗ್ರಿವರೆಗೆ ಕಾಯುತ್ತದೆ. ಅಲ್ಲಿಂದ ಸೊಲೆನಾಯ್ಡ್ ವಾಲ್ವ್ ಎಂಬ ವಿದ್ಯುತ್ ಬಾಗಿಲು ದಾಟಿ, ಗ್ರೂಪ್ ಹೆಡ್ ಎನ್ನುವ ದಪ್ಪ ಲೋಹದ ತಲೆಗೆ ಬಂದು, ಅದರ ಕೆಳಗಿನ ಜಾಲರಿಯಿಂದ ಷವರಿನ ಹಾಗೆ ಸುರಿಯುತ್ತದೆ. ಜಾಲರಿಯ ಕೆಳಗೆ ಹಿಡಿಕೆಯಲ್ಲಿ ಕೂತ ಬ್ಯಾಸ್ಕೆಟ್, ಅದರಲ್ಲಿ ಒತ್ತಿ ಕೂರಿಸಿದ ಪುಡಿಯ ಬಿಲ್ಲೆ. ಬಿಲ್ಲೆಯನ್ನು ತೂರಿಕೊಂಡು ಬಂದದ್ದು ಲೋಟಕ್ಕೆ. ಬಾಯ್ಲರ್‌ನಿಂದ ಇನ್ನೊಂದು ದಾರಿ ಹಾಲು ಕಾಯಿಸುವ ಆವಿ ಕೊಳವೆಗೆ ಹೋಗುತ್ತದೆ. ಈ ಕವಲು ನೆನಪಿರಲಿ, ರೋಗ ಹಿಡಿಯುವಾಗ ಬೇಕಾಗುತ್ತದೆ.

ನಮ್ಮ ಹಿತ್ತಾಳೆ ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಇಲ್ಲಿ ಅದನ್ನು ಸುಮಾರು 9 ಬಾರ್ ಒತ್ತಡದಲ್ಲಿ ನೂಕುತ್ತಾರೆ. ಅಕ್ಕಿಗಿಟ್ಟ ಕುಕ್ಕರ್ ಸೀಟಿ ಹೊಡೆಯುವಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚುಕಡಿಮೆ 1 ಬಾರ್ ಜಾಸ್ತಿ ಇರುತ್ತದೆ. ಕಾರಿನ ಟೈರಿನಲ್ಲಿ 2 ಬಾರ್‌ಗಿಂತ ಸ್ವಲ್ಪ ಮೇಲೆ. ಅದಕ್ಕೆ ಹೋಲಿಸಿದರೆ ಈ ಡಬ್ಬಿ ಎಷ್ಟು ಬಿಗಿಯಾಗಿ ಕೆಲಸ ಮಾಡುತ್ತದೆ ಎಂದು ತಿಳಿಯುತ್ತದೆ. ಮೊದಲು ಇಟಲಿಯವರೂ ಬರೀ ಆವಿಯ ಒತ್ತಡದಿಂದ ಕಾಫಿ ಇಳಿಸುತ್ತಿದ್ದರು. ಮಿಲಾನಿನ ಅಕಿಲೆ ಗಾಜಿಯಾ 1938ರಲ್ಲಿ ಪೇಟೆಂಟ್ ಪಡೆದು, 1940ರ ದಶಕದ ಕೊನೆಗೆ ಸ್ಪ್ರಿಂಗು ಮತ್ತು ಸನ್ನೆಯ ಮೆಷಿನ್ ತಂದ ಮೇಲೆಯೇ ಲೋಟದ ಮೇಲೆ ಆ ಕಂದು ನೊರೆ ಕಾಣಿಸಿದ್ದು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ “15 ಬಾರ್” ಎಂದಿರುತ್ತದಲ್ಲ, ಅದು ಪಂಪಿನ ಗರಿಷ್ಠ ತಾಕತ್ತು. ಕಾಫಿಗೆ ಬೇಕಾದದ್ದು 9. ಅಂಗಡಿಯಲ್ಲಿ ಆ ಅಂಕಿಗೆ ಮರುಳಾಗಿ ದುಡ್ಡು ಹೆಚ್ಚು ಕೊಡಬೇಡಿ.

ಮೊದಲು ಕಿವಿ, ಆಮೇಲೆ ಸ್ಕ್ರೂಡ್ರೈವರ್

ಭಾವನಿಗೆ ನಾನು ಫೋನಿನಲ್ಲೇ ಹೇಳಿದೆ: “ಭಾವ, ಪುಡಿ ಹಾಕಿದ ಹಿಡಿಕೆ ಬಿಚ್ಚಿ ಪಕ್ಕಕ್ಕಿಡಿ. ಬರೀ ಗುಂಡಿ ಒತ್ತಿ. ಜಾಲರಿಯಿಂದ ನೀರು ಬರುತ್ತಾ ನೋಡಿ.”

“ಇಲ್ಲ ಕಣಪ್ಪ. ಒಂದೆರಡು ತೊಟ್ಟು ಅಷ್ಟೇ.”

“ಈಗ ಹಾಲಿನ ಕೊಳವೆಯ ತಿರುಪು ಬಿಚ್ಚಿ, ಕೆಳಗೆ ಪಾತ್ರೆ ಹಿಡಿದು ಪಂಪು ಓಡಿಸಿ.”

“ಅಯ್ಯೋ, ಅದ್ರಲ್ಲಿ ಜೋರಾಗಿ ಬತ್ತಾ ಅದೆ!”

ಅಲ್ಲಿಗೆ ಅರ್ಧ ರೋಗ ಸಿಕ್ಕಿತು. ಕೊಳವೆಯಲ್ಲಿ ನೀರು ಬರುತ್ತಿದೆ ಎಂದರೆ ಡಬ್ಬ, ಪಂಪು, ಬಾಯ್ಲರ್ ಮೂರೂ ಸರಿ. ಕವಲಿನ ಆ ಕಡೆ, ಅಂದರೆ ವಾಲ್ವ್ ಅಥವಾ ಜಾಲರಿಯಲ್ಲಿ ಏನೋ ಕಟ್ಟಿಕೊಂಡಿದೆ. ಒಂದು ಸ್ಕ್ರೂ ಬಿಚ್ಚದೆ ಇಷ್ಟು ತಿಳಿಯಬಹುದು.

ಅದೇ ಪರೀಕ್ಷೆಯ ಉತ್ತರ ಬೇರೆಯಾಗಿದ್ದರೆ ದಾರಿಯೂ ಬೇರೆ. ಹಿಡಿಕೆ ತೆಗೆದಾಗ ಜಾಲರಿಯಿಂದ ನೀರು ಸರಾಗ ಸುರಿದು, ಪುಡಿ ತುಂಬಿದಾಗ ಮಾತ್ರ ನಿಂತರೆ ಮೆಷಿನ್ನಿಗೆ ಏನೂ ಆಗಿಲ್ಲ. ಪುಡಿ ವಿಪರೀತ ನುಣುಪಾಗಿದೆ, ಇಲ್ಲವೇ ಬ್ಯಾಸ್ಕೆಟ್‌ನ ತೂತುಗಳು ಮುಚ್ಚಿವೆ. ಬ್ಯಾಸ್ಕೆಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ತೂತು ತೂತಾಗಿ ಬೆಳಕು ಕಾಣಬೇಕು. ಎರಡು ಕಡೆಯೂ ನೀರು ಬರದಿದ್ದರೆ ತೊಂದರೆ ಹಿಂದೆ ಇದೆ. ಡಬ್ಬ ಸರಿಯಾಗಿ ಕೂತಿದೆಯೇ, ಹೀರುವ ನಳಿಕೆ ಮಡಚಿದೆಯೇ, ಅದರ ತುದಿಯ ಪುಟ್ಟ ಫಿಲ್ಟರ್ ಕಟ್ಟಿದೆಯೇ ಎಂದು ನೋಡಬೇಕು. ನಾಚಿಕೆ ಬಿಟ್ಟು ಹೇಳುತ್ತೇನೆ, ಒಮ್ಮೆ ನಾನು ಅರ್ಧ ಗಂಟೆ ಒದ್ದಾಡಿದ ಮೇಲೆ ಡಬ್ಬದಲ್ಲಿ ನೀರೇ ಇಲ್ಲದ್ದು ಗೊತ್ತಾಯಿತು.

ಪಂಪಿನ ಸದ್ದೇ ಮುಕ್ಕಾಲು ವಿಷಯ ಹೇಳುತ್ತದೆ. ನೀರಿದ್ದು ಒತ್ತಡ ಏರುತ್ತಿದ್ದರೆ ಸದ್ದು ಗಟ್ಟಿಯಿಂದ ಮಂದಕ್ಕೆ, ಗೊಗ್ಗರಿನಿಂದ ಗುಂಯ್ ಎನ್ನುವುದಕ್ಕೆ ತಿರುಗುತ್ತದೆ. ಖಾಲಿ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಕಟಕಟ ಎಂದರೆ ಪಂಪು ಗಾಳಿ ಕುಡಿಯುತ್ತಿದೆ. ಮಂಡ್ಯದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಗದ್ದೆಯ ಪಂಪ್‌ಸೆಟ್‌ಗೆ ಗಾಳಿ ಹಿಡಿದರೆ ಬಾಯಿಗೆ ನೀರು ಸುರಿದು ಎಬ್ಬಿಸುತ್ತಾರಲ್ಲ, ಅದೇ ಇದು. ಹಾಲಿನ ಕೊಳವೆಯ ತಿರುಪು ಪೂರ್ತಿ ಬಿಚ್ಚಿ ಪಂಪನ್ನು ಓಡಿಸಿದರೆ ಎದುರೊತ್ತಡ ಇಲ್ಲದ್ದರಿಂದ ಗಾಳಿ ಹೊರಬಿದ್ದು ನೀರು ಹಿಡಿಯುತ್ತದೆ. ಆದರೆ ಈ ಪಂಪುಗಳು ಒಂದೇ ಸಮನೆ ಓಡುವಂಥವಲ್ಲ. ಮೈಮೇಲೆಯೇ ಎರಡು ನಿಮಿಷ ಓಟ, ಒಂದು ನಿಮಿಷ ಬಿಡುವು ಎಂದು ಬರೆದಿರುವುದುಂಟು. ಹಾಗಾಗಿ ಅರೆ ನಿಮಿಷ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ. ಗುಂಡಿ ಒತ್ತಿದರೆ ಸದ್ದೇ ಇಲ್ಲ, ದೀಪವೂ ಇಲ್ಲ ಎಂದರೆ ಪ್ಲಗ್ಗು, ಸ್ವಿಚ್ಚು ನೋಡಿ. ಅವು ಸರಿಯಿದ್ದರೆ ಬಹಳ ಸಲ ಒಳಗಿನ ಥರ್ಮಲ್ ಫ್ಯೂಸ್ ಸುಟ್ಟಿರುತ್ತದೆ. ನೀರಿಲ್ಲದೆ ಬಾಯ್ಲರ್ ಕಾದಾಗ ಮನೆ ಸುಡದಿರಲೆಂದು ತಾನು ಸುಟ್ಟುಕೊಳ್ಳುವ ಫ್ಯೂಸ್ ಅದು. ಅದನ್ನು ಬದಲಿಸಿದರಾಯಿತು, ತಂತಿ ಸುತ್ತಿ ದಾಟಿಸುವ ಬುದ್ಧಿವಂತಿಕೆ ಬೇಡ.

ಮಂಡ್ಯದ ಬೋರ್‌ವೆಲ್

ಭಾನುವಾರ ಮಂಡ್ಯಕ್ಕೆ ಹೋದೆ. ಹೋದಕೂಡಲೇ ಮೊದಲು ಅಕ್ಕನ ಬಚ್ಚಲುಮನೆ ನೋಡಿದೆ. ನಲ್ಲಿಯ ಬಾಯಿಗೆ ಬಿಳಿ ಹಕ್ಕಳೆ, ಬಕೆಟ್ಟಿನ ಅಂಚಿಗೆ ಬಿಳಿ ಗೆರೆ, ಸೋಪು ಎಷ್ಟು ತಿಕ್ಕಿದರೂ ನೊರೆ ಇಲ್ಲ. ಮೆಷಿನ್ ಬಿಚ್ಚುವ ಮುಂಚೆಯೇ ಒಳಗೇನಿದೆ ಎಂದು ಗೊತ್ತಾಯಿತು.

ನೆಲದಾಳದ ನೀರು ಕಲ್ಲುಮಣ್ಣಿನ ಮೂಲಕ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿಸಿಕೊಂಡು ಬರುತ್ತದೆ. ತಣ್ಣಗಿರುವವರೆಗೆ ಅವು ಕರಗಿಯೇ ಇರುತ್ತವೆ. ಕಾಯಿಸಿದಾಗ ನೀರಿನಲ್ಲಿದ್ದ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ, ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗದ ಕಾರ್ಬೊನೇಟ್ ಆಗಿ, ಅಂದರೆ ಸುಣ್ಣಕಲ್ಲಾಗಿ, ಬಿಸಿ ಇರುವ ಕಡೆಯೇ ಅಂಟಿಕೊಳ್ಳುತ್ತದೆ. ಗೀಸರ್ ಕಾಯಿಲಿನ ಮೇಲೆ ಕಟ್ಟುವುದೂ ಹಂಡೆಯ ತಳದಲ್ಲಿ ಕಟ್ಟುವುದೂ ಇದೇ. ಗೀಸರಿನಲ್ಲಿ ಅದರಿಂದ ಕಾಯಿಲು ಬೇಗ ಸುಟ್ಟುಹೋಗಬಹುದು. ಎಸ್ಪ್ರೆಸೊ ಮೆಷಿನ್ನಿನ ವಾಲ್ವ್ ತೂತಾದರೋ ಗುಂಡುಸೂಜಿಯ ಗಾತ್ರದ್ದು. ಒಂದು ಎಳ್ಳುಕಾಳಿನಷ್ಟು ಚೂರು ಬಂದು ಕೂತರೆ ಆಟ ಮುಗಿಯಿತು.

ಕುಡಿಯುವ ನೀರಿಗೆ ಭಾರತೀಯ ಮಾನಕ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದ ಕಡೆ 600ರವರೆಗೂ ಸೈರಿಸಬಹುದು. ನಮ್ಮ ಹೊಟ್ಟೆಗೆ ಸರಿಯೆನಿಸಿದ ಆ 400, 500ರ ನೀರು ಮೆಷಿನ್ನಿಗೆ ವಿಷ. ಅದಕ್ಕೆ 50ರಿಂದ 100ರ ಆಸುಪಾಸು ಇದ್ದರೆ ನೆಮ್ಮದಿ. ಟಿಡಿಎಸ್ ಮೀಟರ್ ಅದ್ದಿ ನೋಡಿ ಗಡಸುತನ ಗೊತ್ತಾಯಿತು ಎಂದುಕೊಳ್ಳುವವರಿದ್ದಾರೆ. ಆ ಮೀಟರು ಎಲ್ಲ ಲವಣಗಳನ್ನೂ ಒಟ್ಟಿಗೆ ಲೆಕ್ಕ ಹಾಕುತ್ತದೆ, ಕ್ಯಾಲ್ಸಿಯಂ ಎಷ್ಟು ಎಂದು ಹೇಳುವುದಿಲ್ಲ. ಮೀನಿನ ತೊಟ್ಟಿ ಸಾಮಾನು ಮಾರುವ ಅಂಗಡಿಯಲ್ಲಿ ಗಡಸುತನ ನೋಡುವ ಹನಿ ಕಿಟ್ಟು ಸಿಗುತ್ತದೆ, ಅದು ವಾಸಿ.

ಹಾಗಾದರೆ ಆರ್‌ಒ ನೀರು ಹಾಕಿದರೆ ಮುಗಿಯಿತಲ್ಲ ಎಂದರು ಭಾವ. ಮುಗಿಯುವುದಿಲ್ಲ. ಏನೂ ಇಲ್ಲದ ನೀರು ಹಸಿದ ನೀರು. ಅದು ಲೋಹವನ್ನೇ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಕೆಲವು ಮೆಷಿನ್‌ಗಳು ನೀರಿನ ಮೂಲಕ ವಿದ್ಯುತ್ ಹರಿಯುತ್ತದೆಯೇ ಎಂದು ನೋಡಿ ಬಾಯ್ಲರ್ ತುಂಬಿದ್ದನ್ನು ತಿಳಿದುಕೊಳ್ಳುತ್ತವೆ. ಲವಣವೇ ಇಲ್ಲದಿದ್ದರೆ ತುಂಬಿದ್ದರೂ ತುಂಬಿಲ್ಲ ಎಂದುಕೊಂಡು ತುಂಬುತ್ತಲೇ ಹೋಗುತ್ತವೆ. ರುಚಿಯೂ ಸಪ್ಪೆ, ಏಕೆಂದರೆ ಬೀಜದ ಸಾರ ಎಳೆಯುವುದರಲ್ಲಿ ಈ ಖನಿಜಗಳ ಪಾಲೂ ಇದೆ. ಭಾವನ ಮನೆಯಲ್ಲಿ ನಾವು ಕೊನೆಗೆ ಇಳಿದದ್ದು ಮೂರು ಲೋಟ ಆರ್‌ಒ, ಒಂದು ಲೋಟ ಬೋರ್‌ವೆಲ್ ಲೆಕ್ಕಕ್ಕೆ. 400 ಇದ್ದದ್ದು ಹಾಗೆ 100ಕ್ಕೆ ಬರುತ್ತದೆ. ಮೈಸೂರಿನವರೂ ಮೀಸೆ ತಿರುವಬೇಕಿಲ್ಲ. ಹೊಂಗಳ್ಳಿ, ಬೆಳಗೊಳದಿಂದ ಬರುವ ನದಿ ನೀರು ಮೆದುವೇ ಹೌದು. ಆದರೆ ಬೇಸಿಗೆಯಲ್ಲಿ ಸಂಪ್‌ಗೆ ಟ್ಯಾಂಕರ್ ನೀರು ಬಿಟ್ಟಾಗ, ಅಪಾರ್ಟ್‌ಮೆಂಟಿನಲ್ಲಿ ಕಾವೇರಿಗೆ ಬೋರ್‌ವೆಲ್ ಬೆರೆಸಿದಾಗ ನಲ್ಲಿ ಅದೇ, ನೀರು ಬೇರೆ.

ನಿಂಬೆ ಉಪ್ಪಿನ ಚಿಕಿತ್ಸೆ

ಕಟ್ಟಿದ ಸುಣ್ಣ ಕರಗಿಸಲು ದುಬಾರಿ ಬಾಟಲಿ ಬೇಕಿಲ್ಲ. ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಸಾಕು. ಲೀಟರ್ ನೀರಿಗೆ 20 ಗ್ರಾಂ. ಚೆನ್ನಾಗಿ ಕರಗಿಸಿ ಡಬ್ಬಕ್ಕೆ ಸುರಿದು, ಕೊಳವೆಯಿಂದ ಒಂದು ಲೋಟ, ಗ್ರೂಪ್‌ನಿಂದ ಒಂದು ಲೋಟ ಹೊರಬಿಟ್ಟು, ಬಾಯ್ಲರ್ ಆ ನೀರಿನಿಂದ ತುಂಬಿದ ಮೇಲೆ ಮೆಷಿನ್ ಆರಿಸಿ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಸ್ವಲ್ಪ ಹೊರಬಿಡಿ. ಡಬ್ಬ ಖಾಲಿಯಾಗುವವರೆಗೆ ಹೀಗೆ. ಆಮೇಲೆ ಬರೀ ನೀರು ಎರಡು ಮೂರು ಡಬ್ಬ ಹರಿಸಿ ನಾಲಿಗೆಗೆ ಹುಳಿ ಹತ್ತದವರೆಗೆ ತೊಳೆಯಬೇಕು. ಕುದಿಯುವ ಬಿಸಿ ಬೇಡ, ಉಗುರುಬೆಚ್ಚಗಿದ್ದರೆ ಒಳ್ಳೆಯದು. ತುಂಬಾ ಬಿಸಿಯಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಪುಡಿ ಕಟ್ಟುವ ಅಪಾಯವಿದೆ. ಅಲ್ಯೂಮಿನಿಯಂ ಬಾಯ್ಲರ್ ಆದರೆ ಹೊತ್ತು ಮೀರಿ ಬಿಡಲೇಬೇಡಿ, ಹುಳಿ ಲೋಹಕ್ಕೂ ಹತ್ತುತ್ತದೆ. ವಿನೆಗರ್ ಹಾಕಿದರೆ ವಾರವಿಡೀ ಕಾಫಿಯಲ್ಲಿ ಉಪ್ಪಿನಕಾಯಿ ವಾಸನೆ. ನಿಂಬೆಹಣ್ಣು ಹಿಂಡಿದರೆ ಅದರ ತಿರುಳೇ ಹೋಗಿ ಜಾಲರಿಗೆ ಕೂರುತ್ತದೆ. ಅಕ್ಕ ಹೇಳಿದಂತೆ ಜೊತೆಗೆ ಚೂರು ಅಡುಗೆ ಸೋಡ ಹಾಕಿದರೆ ಬುಸ್ ಎಂದು ನೊರೆ ಬರುತ್ತದೆ, ನೋಡಲು ಚಂದ. ಹುಳಿಯೂ ಸೋಡವೂ ಒಂದನ್ನೊಂದು ಕೊಂದುಕೊಂಡು ಕೆಲಸ ಮಾತ್ರ ಆಗುವುದಿಲ್ಲ.

ಭಾವನ ಮೆಷಿನ್ನಿನಲ್ಲಿ ಈ ಚಿಕಿತ್ಸೆ ಮೊದಲು ಫಲಿಸಿತು, ಆಮೇಲೆ ಕೈಕೊಟ್ಟಿತು. ಜಾಲರಿಯಿಂದ ನೀರು ದಾರದಷ್ಟು ಬರಲಾರಂಭಿಸಿ, ಐದು ನಿಮಿಷಕ್ಕೆ ಪೂರ್ತಿ ನಿಂತಿತು. ಹೀಗಾಗುತ್ತದೆ. ದಪ್ಪವಾಗಿ ಕಟ್ಟಿದ ಸುಣ್ಣ ಒಮ್ಮೆಲೇ ಕರಗುವುದಿಲ್ಲ, ಹಪ್ಪಳದಂತೆ ಎದ್ದು ಚೂರಾಗಿ ಹರಿದು ಸಣ್ಣ ತೂತಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಪ್ಲಗ್ ಕಿತ್ತು, ತಣ್ಣಗಾಗಲು ಒಂದು ಗಂಟೆ ಬಿಟ್ಟು, ಸೊಲೆನಾಯ್ಡ್ ವಾಲ್ವ್ ಬಿಚ್ಚಿದೆವು. ಒಳಗೆ ಸಿಕ್ಕಿದ್ದು ಅಕ್ಕಿ ನುಚ್ಚಿನಷ್ಟು ಬಿಳಿ ಚೂರು. “ಇದಕ್ಕಾ ನನ್ನ ಎಂಟು ದಿನದ ಕಾಫಿ ಹೋಗಿದ್ದು!” ಎಂದು ಭಾವ ಅದನ್ನು ಅಂಗೈ ಮೇಲಿಟ್ಟುಕೊಂಡು ಅಕ್ಕನಿಗೆ ತೋರಿಸಿದರು. ಬಿಚ್ಚುವ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಿದ್ದರಿಂದ ವಾಪಸ್ ಜೋಡಿಸುವಾಗ ಜಗಳ ಆಗಲಿಲ್ಲ. ನೀರು ಸರಿಮಾಡಿಕೊಂಡ ಮೇಲೆ ಮೂರು ತಿಂಗಳಿಗೊಮ್ಮೆ ನಿಂಬೆ ಉಪ್ಪು ಸಾಕಾಗುತ್ತಿದೆ. ಕಟ್ಟಿದ ಮೇಲೆ ಕರಗಿಸುವುದಕ್ಕಿಂತ ಕಟ್ಟುವ ಮುಂಚೆ ತೊಳೆಯುವುದು ಸಲೀಸು.

ಎಣ್ಣೆ, ರಬ್ಬರು, ಕರೆಂಟು

ನನ್ನ ಮೆಷಿನ್ನಿಗೆ ಸುಣ್ಣ ಕಟ್ಟಲಿಲ್ಲ ನಿಜ, ಆದರೆ ಕಮಟು ಹಿಡಿಯಿತು. ಹುರಿದ ಕಾಫಿ ಬೀಜದಲ್ಲಿ ಎಣ್ಣೆಯಂಶವಿದೆ. ಅದು ಜಾಲರಿಯ ಹಿಂದೆ, ವಾಲ್ವಿನ ಒಳಗೆ ಕಪ್ಪಗೆ ಅಂಟಿಕೊಂಡು, ಹಳೆಯ ಕಡಲೆಕಾಯಿ ಎಣ್ಣೆಯಂತೆ ಕೆಡುತ್ತದೆ. ಯಾವ ಬೀಜ ಹಾಕಿದರೂ ಒಂದೇ ಕಹಿ. ಮೂರು ಬಗೆಯ ಬೀಜ ತಂದು ದುಡ್ಡು ಕಳೆದ ಮೇಲೆ ಜಾಲರಿಯ ಸ್ಕ್ರೂ ಬಿಚ್ಚಿ ನೋಡಿದೆ. ನೋಡಬಾರದಿತ್ತು.

ಈ ಕೊಳೆ ತೊಳೆಯುವುದಕ್ಕೆ ಬ್ಯಾಕ್‌ಫ್ಲಶ್ ಎನ್ನುತ್ತಾರೆ. ತೂತಿಲ್ಲದ ಬ್ಯಾಸ್ಕೆಟ್ ಅಥವಾ ರಬ್ಬರ್ ಬಿಲ್ಲೆ ಹಾಕಿ, ಎಸ್ಪ್ರೆಸೊ ಮೆಷಿನ್ನಿಗೆಂದೇ ಸಿಗುವ ಕ್ಲೀನಿಂಗ್ ಪುಡಿ ಅರ್ಧ ಚಮಚ ಸುರಿದು, ಪಂಪು ಹತ್ತು ಸೆಕೆಂಡು ಓಡಿಸಿ ಹತ್ತು ಸೆಕೆಂಡು ನಿಲ್ಲಿಸಿ. ನಿಲ್ಲಿಸಿದಾಗ ಒತ್ತಡದ ನೀರು ಹಿಂದಕ್ಕೆ ನುಗ್ಗಿ ವಾಲ್ವಿನ ಮೂಲಕ ಕೆಳಗಿನ ಟ್ರೇಗೆ ಬೀಳುವಾಗ ಕೊಳೆ ಹೊತ್ತೊಯ್ಯುತ್ತದೆ. ಐದಾರು ಸಲ ಮಾಡಿ, ಪುಡಿ ಇಲ್ಲದೆ ಮತ್ತೆ ಅಷ್ಟೇ ಸಲ. ಆದರೆ ಇದು ಮೂರು ದಾರಿಯ ವಾಲ್ವ್ ಇರುವ ಮೆಷಿನ್ನಿಗೆ ಮಾತ್ರ. ನಿಮ್ಮದರಲ್ಲಿ ಇದೆಯೇ ಎಂದು ತಿಳಿಯಲು ಕಾಫಿ ಇಳಿದು ನಿಂತ ಕ್ಷಣ ಕಿವಿಗೊಡಿ. ಪುಸ್ ಎಂದು ಟ್ರೇಗೆ ನೀರು ಚಿಮ್ಮಿದರೆ ಇದೆ. ಇಲ್ಲದ ಅಗ್ಗದ ಮೆಷಿನ್‌ಗಳಲ್ಲಿ ಒತ್ತಡ ಹಿಡಿಕೆಯೊಳಗೇ ಉಳಿದಿರುತ್ತದೆ. ಆತುರದಲ್ಲಿ ಬಿಚ್ಚಿದರೆ ಬಿಸಿ ಚರಟ ಮುಖಕ್ಕೆ ಹಾರುತ್ತದೆ. ಒಂದು ನಿಮಿಷ ಕಾಯಿರಿ. ಅವುಗಳಿಗೆ ಜಾಲರಿ ಬಿಚ್ಚಿ ಉಜ್ಜುವುದೇ ದಾರಿ.

ಹಾಲಿನ ಕೊಳವೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಲು ಕಾಯಿಸಿದ ಮರುಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದೆರಡು ಸೆಕೆಂಡು ಆವಿ ಬಿಡಿ. ತಣ್ಣಗಾಗುವಾಗ ಕೊಳವೆ ಹಾಲನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಅದು ಅಲ್ಲೇ ಹೆಪ್ಪಾಗುತ್ತದೆ.

ಹಿಡಿಕೆಯ ಸುತ್ತಲಿಂದ ನೀರು ಸೋರಿದರೆ ಕುಕ್ಕರ್ ಇಟ್ಟವರಿಗೆಲ್ಲ ಕಾರಣ ಗೊತ್ತು. ಗ್ಯಾಸ್ಕೆಟ್. ಬಿಸಿಗೆ ಬೆಂದು ಬೆಂದು ರಬ್ಬರು ಗಟ್ಟಿಯಾಗುತ್ತದೆ. ಮುಂಚೆ ನೇರ ನಿಮ್ಮ ಕಡೆ ಮುಖಮಾಡಿ ನಿಲ್ಲುತ್ತಿದ್ದ ಹಿಡಿಕೆ ದಿನೇ ದಿನೇ ಬಲಕ್ಕೆ ಸರಿಯುತ್ತಾ ಹೋದರೆ ಗ್ಯಾಸ್ಕೆಟ್ ಸವೆಯುತ್ತಿದೆ ಎಂದರ್ಥ. ಮೊದಲು ಬ್ಯಾಸ್ಕೆಟ್ ಅಂಚಿನ, ಗ್ಯಾಸ್ಕೆಟ್ ಮೇಲಿನ ಪುಡಿ ಒರೆಸಿ ನೋಡಿ, ಅರ್ಧ ಸೋರಿಕೆ ಅಲ್ಲೇ ನಿಲ್ಲುತ್ತದೆ. ನಿಲ್ಲದಿದ್ದರೆ ಹೊಸದು ಹಾಕಿ. ಬಲವಂತವಾಗಿ ತಿರುಗಿಸಿ ಬಿಗಿ ಮಾಡಬೇಡಿ, ಹಿಡಿಕೆಯ ಕಿವಿಗಳು ಸವೆದರೆ ಖರ್ಚು ದೊಡ್ಡದು.

ಕರೆಂಟಿನ ಮಾತು ಎರಡು. 1400 ವಾಟ್‌ನ ಮೆಷಿನ್ 230 ವೋಲ್ಟ್‌ನಲ್ಲಿ 6 ಆಂಪಿಯರ್ ಮೀರಿ ಎಳೆಯುತ್ತದೆ. ಮಿಕ್ಸಿಯ ಚಿಕ್ಕ ಪಾಯಿಂಟಿಗೆ ಸಿಕ್ಕಿಸಬೇಡಿ, 16 ಆಂಪಿಯರ್ ಪಾಯಿಂಟು, ಸರಿಯಾದ ಅರ್ಥಿಂಗ್ ಇರಲಿ. ನಮ್ಮ ಬೀದಿಯಲ್ಲೊಬ್ಬರ ಮಗಳು ಅಮೆರಿಕದಿಂದ ಮೆಷಿನ್ ಹೊತ್ತು ತಂದಳು. 120 ವೋಲ್ಟಿನದು. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜು ಇಳಿಸಬಹುದು, ಆದರೆ ಅಲ್ಲಿಯ ಕರೆಂಟು ಸೆಕೆಂಡಿಗೆ 60 ಆವರ್ತನೆಯದು, ನಮ್ಮದು 50. ಆ ಪುಟ್ಟ ಪಂಪಿನ ಪಿಸ್ಟನ್ ಆವರ್ತನೆಗೊಂದು ಸಲ ಕುಟ್ಟುತ್ತದೆ. ಅಲ್ಲಿ ನಿಮಿಷಕ್ಕೆ 3600 ಸಲ ಕುಟ್ಟುತ್ತಿದ್ದದ್ದು ಇಲ್ಲಿ 3000ಕ್ಕೆ ಇಳಿದು ನೀರು ಸೊರಗುತ್ತದೆ. ಇಲ್ಲಿಯ 50 ಆವರ್ತನೆಗೆ ಮಾಡಿದ ಪಂಪು ಹಾಕಿಸಿದ ಮೇಲೆ ಅವರ ಮೆಷಿನ್ ದಾರಿಗೆ ಬಂತು. ಇನ್ನು ಮೆಷಿನ್ ಹಚ್ಚಿದೊಡನೆ ಮನೆಯ ಇಎಲ್‌ಸಿಬಿ, ಅಂದರೆ ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚು, ಬಿದ್ದರೆ ಹೀಟರಿನೊಳಗೆ ತೇವ ಹೋಗಿರಬಹುದು. ಅಲ್ಲಿ ನಮ್ಮ ಕೈಚಳಕ ಮುಗಿಯಿತು, ಎಲೆಕ್ಟ್ರಿಷಿಯನ್ ಕರೆಯಿರಿ.

ರಾಗಿ ಮಿಲ್ಲಿನವನ ಬೆರಳು

ಮೆಷಿನ್ ಕೆಟ್ಟಿದೆ ಎಂದು ಬರುವ ದೂರುಗಳಲ್ಲಿ ಬಹುಪಾಲು ಗ್ರೈಂಡರಿನದು. ಕಾಫಿ 12 ಸೆಕೆಂಡಿಗೇ ಸುರಿದು ಹುಳಿ ಹುಳಿ, ತೆಳ್ಳಗೆ. ಇಲ್ಲವೇ ಒಂದು ನಿಮಿಷವಾದರೂ ತೊಟ್ಟಿಕ್ಕುತ್ತಾ ಕಹಿ. ಎರಡಕ್ಕೂ ಪಂಪನ್ನು ಬೈದು ಪ್ರಯೋಜನವಿಲ್ಲ.

ಊರಿನ ರಾಗಿ ಮಿಲ್ಲಿನಲ್ಲಿ ನಿಂತು ನೋಡಿದ್ದೀರಾ? ಮಿಲ್ಲಿನವನು ಬೀಳುವ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ, ಒಂದು ಕ್ಷಣ ಕಲ್ಲಿನ ಸದ್ದು ಕೇಳಿ, ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾನೆ. ಕಾಫಿ ಗ್ರೈಂಡರಿನಲ್ಲೂ ಕಲ್ಲಿನ ಬದಲು ಹಲ್ಲಿನ ಎರಡು ಉಕ್ಕಿನ ಚಕ್ರಗಳಿವೆ, ಬರ್ ಎನ್ನುತ್ತಾರೆ. ಅವುಗಳ ನಡುವಿನ ಸಂದು ಎಷ್ಟೋ ಪುಡಿ ಅಷ್ಟು. ಮಿಕ್ಸಿಯ ಬ್ಲೇಡು ಈ ಕೆಲಸಕ್ಕೆ ಆಗದು. ಅದು ಕತ್ತರಿಸುತ್ತದೆ, ಅಳತೆಗೆ ಅರೆಯುವುದಿಲ್ಲ. ರವೆಯೂ ಧೂಳೂ ಒಟ್ಟಿಗೆ ಬೀಳುತ್ತವೆ. ನೀರು ರವೆಯಿರುವ ಕಡೆ ಬಿಲ ತೋಡಿಕೊಂಡು ಓಡುತ್ತದೆ, ಧೂಳು ತೂತು ಮುಚ್ಚುತ್ತದೆ.

ಆರಂಭಕ್ಕೆ ಒಂದು ಅಳತೆ ಇಟ್ಟುಕೊಳ್ಳಿ: 18 ಗ್ರಾಂ ಪುಡಿ, ಲೋಟದಲ್ಲಿ 36 ಗ್ರಾಂ ಕಾಫಿ, ಪಂಪು ಹಚ್ಚಿದಲ್ಲಿಂದ 25ರಿಂದ 30 ಸೆಕೆಂಡು. ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಒಂದಿದ್ದರೆ ಅರ್ಧ ಗೊಂದಲ ಕಡಿಮೆ. ಬೇಗ ಸುರಿದರೆ ಪುಡಿ ಇನ್ನೂ ನುಣ್ಣಗೆ, ತಡವಾದರೆ ಸ್ವಲ್ಪ ತರಿ. ಪುಡಿ, ತೂಕ, ಒತ್ತುವ ಬಲ ಮೂರನ್ನೂ ಒಂದೇ ಬೆಳಿಗ್ಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಬ್ರಹ್ಮನಿಗೂ ತಿಳಿಯದು. ನುಣುಪು ಕಡೆಗೆ ತಿರುಗಿಸುವುದನ್ನು ಮೋಟಾರ್ ಓಡುತ್ತಿರುವಾಗ ಮಾಡಿ, ಇಲ್ಲದಿದ್ದರೆ ನಡುವೆ ಸಿಕ್ಕ ಬೀಜ ಚಕ್ರವನ್ನು ಕಚ್ಚಿಹಿಡಿಯುತ್ತದೆ. ತಿರುಗಿಸಿದ ಮೇಲೆ ಮೊದಲ ನಾಲ್ಕೈದು ಗ್ರಾಂ ಹೊರಗೆ ಚೆಲ್ಲಿ, ಅದು ಒಳಗೆ ಉಳಿದಿದ್ದ ಹಳೆಯ ಅಳತೆಯ ಪುಡಿ.

ಮೈಸೂರಿನವರ ಒಂದು ಚಾಳಿಯ ಬಗ್ಗೆ ಇಲ್ಲಿ ಹೇಳಲೇಬೇಕು. ಕಾಫಿ ವರ್ಕ್ಸ್‌ನಲ್ಲಿ ಬಿಸಿಬಿಸಿ ಪುಡಿ ಮಾಡಿಸಿ ತಂದ ಫಿಲ್ಟರ್ ಪುಡಿಯನ್ನೇ ಇದಕ್ಕೂ ತುಂಬುವುದು. ಅದರಲ್ಲಿ ಚಿಕೋರಿ ಇರುತ್ತದೆ, ಕೆಲವು ಮಿಶ್ರಣದಲ್ಲಿ ನೂರಕ್ಕೆ 49ರವರೆಗೂ ಇರಲು ಕಾನೂನು ಬಿಡುತ್ತದೆ. ಚಿಕೋರಿ ಕಾಫಿಗಿಂತ ಹೆಚ್ಚು ಕರಗುವ ಬೇರು, ತೇವ ಹೀರಿದರೆ ಬೆಲ್ಲದ ಪಾಕದಂತೆ ಅಂಟು. ಫಿಲ್ಟರಿನಲ್ಲಿ ಡಿಕಾಕ್ಷನ್‌ಗೆ ಅದು ಮೈ ಕೊಡುತ್ತದೆ, ನನಗೂ ಇಷ್ಟವೇ. 9 ಬಾರ್ ಒತ್ತಡದಲ್ಲಿ ಅದು ಜಾಲರಿಗೆ, ವಾಲ್ವಿಗೆ ಗೋಂದಾಗುತ್ತದೆ. ಮೆಷಿನ್ನಿಗೆ ಬರೀ ಬೀಜ ಕೊಡಿ, ಚಿಕೋರಿ ಫಿಲ್ಟರಿಗೆ ಇರಲಿ. ಬೀಜವೂ ಅದೇ ದಿನ ಹುರಿದದ್ದು ಬೇಡ. ಒಳಗಿನ ಅನಿಲ ಹೋಗಲು ವಾರವಾದರೂ ಬಿಡಬೇಕು. ಮೂರು ತಿಂಗಳು ಹಳತಾದರೆ ಎಷ್ಟು ನುಣ್ಣಗೆ ಮಾಡಿದರೂ ಓಡುತ್ತದೆ, ನೊರೆಯೂ ಇಲ್ಲ.

ಕಾಲ ಬದಲಾದರೆ ಅಳತೆಯೂ ಬದಲು. ಮಾರ್ಚಿಯ ಒಣ ಹವೆಯಲ್ಲಿ ಪುಡಿ ಸ್ಥಾಯಿ ವಿದ್ಯುತ್ತಿನಿಂದ ಎಲ್ಲೆಡೆ ಅಂಟಿ ಹಾರುತ್ತದೆ. ಚಮಚದ ಹಿಡಿಯನ್ನು ನೀರಿಗೆ ಅದ್ದಿ ಬೀಜವನ್ನು ಒಮ್ಮೆ ಕಲಕಿದರೆ ಆ ಒಂದು ತೊಟ್ಟು ತೇವಕ್ಕೇ ಹಾರಾಟ ನಿಲ್ಲುತ್ತದೆ. ಆಷಾಢದ ಜಿಟಿಜಿಟಿಗೆ ಮತ್ತೆ ಬೇರೆ ಅಳತೆ. ನಿನ್ನೆ ಸರಿಯಿದ್ದದ್ದು ಇವತ್ತು ಇಲ್ಲ ಎಂದು ಮೆಷಿನ್ ಬಿಚ್ಚುವ ಮುಂಚೆ ಒಮ್ಮೆ ಕಿಟಕಿಯಾಚೆ ನೋಡಿ.

ಭಾವನ ಗ್ರೈಂಡರಿಗೆ ಒಮ್ಮೆ ಕಲ್ಲು ಸಿಕ್ಕಿತು. ತೋಟದ ಕಣದಲ್ಲಿ ಒಣಗಿಸುವ ಬೀಜದ ಜೊತೆ ಅಪರೂಪಕ್ಕೊಂದು ಕಲ್ಲು ಬರುತ್ತದೆ. ಕಟಾರ್ ಎಂದು ಸದ್ದಾಗಿ ಮೋಟಾರ್ ನಿಂತಿತು. ಅಂಥಾಗ ಒಡನೆ ಆರಿಸಿ ಪ್ಲಗ್ ಕೀಳಬೇಕು. ಗುಂಡಿ ಒತ್ತಿ ಒತ್ತಿ ಎಬ್ಬಿಸಲು ಹೋದರೆ ಮೋಟಾರ್ ಸುಡುತ್ತದೆ. ಮೇಲಿನ ಚಕ್ರ ಇರುವ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಬಿಚ್ಚಿ, ಚಿಮಟದಿಂದ ಕಲ್ಲು ತೆಗೆದೆವು. ಈಗ ಅಕ್ಕ ಬೀಜವನ್ನು ಅಕ್ಕಿ ಆರಿಸಿದ ಹಾಗೆ ಮೊರದಲ್ಲಿ ಹರಡಿ ನೋಡಿಯೇ ಕೊಡುತ್ತಾಳೆ. ಹತ್ತು ಸೆಕೆಂಡಿನ ಕೆಲಸ.

ಚಕ್ರಗಳನ್ನು ನೀರಿನಲ್ಲಿ ತೊಳೆಯಬೇಡಿ, ಉಕ್ಕು ತುಕ್ಕು ಹಿಡಿಯುತ್ತದೆ. ಬ್ರಷ್, ಒಣ ಬಟ್ಟೆ, ವ್ಯಾಕ್ಯೂಮ್ ಇದ್ದರೆ ಅದು. ಹಸಿ ಅಕ್ಕಿ ಹಾಕಿ ಓಡಿಸಿದರೆ ಶುದ್ಧವಾಗುತ್ತದೆ ಎಂಬ ಸಲಹೆ ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತದೆ. ಹುರಿದ ಬೀಜ ಗರಿಗರಿ, ಅಕ್ಕಿ ಕಲ್ಲಿನಂತೆ ಗಟ್ಟಿ. ಮೋಟಾರಿನ ಮೇಲೆ ಭಾರ, ಪಿಷ್ಟದ ಧೂಳು ಸಂದುಗೊಂದಿಗೆ.

ಇದನ್ನೆಲ್ಲ ಯಾವಾಗ ಮಾಡುವುದು ಎಂದು ಭಾವ ಕೇಳಿದರು. ದಿನಾ ಕಾಫಿ ಆದ ಮೇಲೆ ಜಾಲರಿ ಒರೆಸಿ ಒಂದು ಲೋಟ ನೀರು ಬಿಡುವುದು. ಭಾನುವಾರ ಬ್ಯಾಕ್‌ಫ್ಲಶ್. ಗ್ರೈಂಡರನ್ನು ತಿಂಗಳಿಗೊಮ್ಮೆ ಬಿಚ್ಚಿ ಬ್ರಷ್ ಆಡಿಸುವುದು. ಹೊಸ ಗ್ಯಾಸ್ಕೆಟ್ ಮಾತ್ರ ನಾವಿಬ್ಬರೂ ಹಾಕುವುದು ಆಯುಧ ಪೂಜೆಗೆ. ಅವತ್ತು ಹೇಗೂ ಮನೆಯ ಸ್ಕೂಟರಿನಿಂದ ಸ್ಕ್ರೂಡ್ರೈವರ್‌ವರೆಗೆ ಎಲ್ಲದಕ್ಕೂ ಸ್ನಾನ. ಮೆಷಿನ್ನಿಗೂ ಒಂದು ಎಳೆ ಸೇವಂತಿಗೆ, ಅರಿಶಿನ ಕುಂಕುಮ. ಹೋದ ವರ್ಷ ಅಕ್ಕ ಮಂತ್ರಾಕ್ಷತೆ ಹಾಕುವಾಗ ಭಾವ ಓಡಿಬಂದು ಗ್ರೈಂಡರಿನ ಬಾಯಿಗೆ ಅಂಗೈ ಅಡ್ಡ ಹಿಡಿದರು. “ತಡಿಯೇ, ಅದ್ರೊಳಕ್ಕೆ ಬ್ಯಾಡ, ಅಕ್ಷತೆ ಅಂದ್ರೂ ಅಕ್ಕೀನೇ!”